ಮುಚ್ಚಳದ ಒಳಗಿನ ಗೀರು

ನಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ, ಹಳೆಯ ರಸೀತಿಗಳ ಮತ್ತು ಯಾರವೆಂದು ಈಗ ಯಾರಿಗೂ ತಿಳಿಯದ ಎರಡು ಜಾತಕಗಳ ಅಡಿಯಲ್ಲಿ, ನನ್ನ ತಂದೆಯವರ ಕೈಗಡಿಯಾರ ಸುಮಾರು ಇಪ್ಪತ್ತು ವರ್ಷ ಮಲಗಿತ್ತು. ಎಚ್.ಎಂ.ಟಿ. ಜನತಾ. ಸಂಬಳದಲ್ಲಿ ತಿಂಗಳಿಗಿಷ್ಟೆಂದು ತೆಗೆದಿರಿಸಿ ೧೯೬೮ರಲ್ಲಿ ಅವರು ಕೊಂಡದ್ದು. ಮೊನ್ನೆ ನನ್ನ ಮೊಮ್ಮಗಳು ಅದನ್ನು ಹೊರಗೆಳೆದು, "ತಾತ, ಇದಕ್ಕೆ ಚಾರ್ಜರ್ ಎಲ್ಲಿ ಸಿಕ್ಕಿಸಬೇಕು?" ಎಂದು ಕೇಳಿದಳು. ಬೆರಳಿನಿಂದ ಕೀ ಕೊಟ್ಟರೆ ನಡೆಯುವ ಗಡಿಯಾರವೂ ಲೋಕದಲ್ಲಿ ಉಂಟೆಂದು ತೋರಿಸಲು ನಾನು ಪಕ್ಕದ ಗುಂಡಿಯನ್ನು ತಿರುಗಿಸಿದೆ. ಗಡಿಯಾರ ಎರಡು ನಿಮಿಷ ನಡೆದು ನಿಂತಿತು. ಮೊಮ್ಮಗಳ ಎದುರಿಗೆ ಮಾನ ಹೋಗಬಾರದಷ್ಟೆ; ಜೇಬಿಗೆ ಹಾಕಿಕೊಂಡು ಹೊರಟೆ.

ಹೊರಟೆನೇನೋ ನಿಜ. ಆದರೆ ಅದನ್ನು ಒಯ್ಯಬೇಕಾದ ಅಂಗಡಿ ಒಂದೇ, ಮತ್ತು ಆ ಅಂಗಡಿಯ ಮೆಟ್ಟಿಲನ್ನು ನಾನು ೨೦೦೫ರಿಂದ ಈಚೆಗೆ ಹತ್ತಿರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥದಲ್ಲ.

ಗಡಿಯಾರಗಳ ವಿಷಯದಲ್ಲಿ ಮೈಸೂರಿನವರಾದ ನಮಗೆ ಕೊಂಚ ಜಂಬ ಉಂಟು. ಪುರಭವನದ ಬಳಿ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ ೧೯೨೭ರಲ್ಲಿ ಎದ್ದು ನಿಂತದ್ದು, ಮುಖದಲ್ಲಿ ಕನ್ನಡದ ಅಂಕಿಗಳನ್ನೇ ಧರಿಸಿದ್ದು. ದೇವರಾಜ ಮಾರುಕಟ್ಟೆಯ ಎದುರಿಗೆ ಚಿಕ್ಕ ಗಡಿಯಾರ. ಅಲ್ಲಿಂದ ಕೂಗಳತೆಯ ಓಣಿಯೊಂದರಲ್ಲಿ ನಾನು ಹೇಳುವ ಅಂಗಡಿ ಇದೆ. ಅಂಗಡಿ ಎನ್ನುವುದು ಮರ್ಯಾದೆಯ ಮಾತು. ಬಟ್ಟೆಯಂಗಡಿಗೂ ಪಾತ್ರೆಯಂಗಡಿಗೂ ನಡುವೆ ಉಳಿದ ಸಂದಿಗೆ ಯಾರೋ ಬಾಗಿಲು ಇಟ್ಟಂತಿದೆ. ಎದೆಮಟ್ಟದ ಮೇಜು, ಅದರ ಮೇಲೆ ಗಾಜಿನ ಬೋಗುಣಿಗಳ ಕೆಳಗೆ ಬಿಚ್ಚಿಟ್ಟ ಯಂತ್ರಗಳು, ಗೋಡೆಯಲ್ಲಿ ಒಂದೊಂದು ಒಂದೊಂದು ಹೊತ್ತು ತೋರಿಸುವ ಹನ್ನೊಂದು ಗಡಿಯಾರಗಳು. ಗಿರಾಕಿಗೆ ಒಂದು ಮರದ ಸ್ಟೂಲು.

ಯಜಮಾನರಿಗೆ ಎಂಬತ್ತು ಹತ್ತಿರವಾಗಿದೆ. ತಲೆ ಎತ್ತದೆ ಕೈಚಾಚಿದರು. ಗಡಿಯಾರ ಅಂಗೈಗೆ ಬಿದ್ದೊಡನೆ ತಲೆ ಎತ್ತಿದರು.

"ಮೇಷ್ಟರ ವಾಚು" ಎಂದರು.

ನನ್ನ ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಸಿಗದಿದ್ದರೇ ಒಳ್ಳೆಯದೆಂದು ಸುಮ್ಮನೆ ನಿಂತೆ. ಅವರು ಕಣ್ಣಿನ ಗುಳಿಗೆ ಕರಿಯ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಹಿಂಬದಿಯ ಮುಚ್ಚಳವನ್ನು ಬಿಚ್ಚಿ, ಯಂತ್ರವನ್ನು ನೋಡುವ ಮೊದಲು ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದರು. ನನಗೂ ತೋರಿಸಿದರು. ಸೂಜಿಮೊನೆಯಿಂದ ಗೀರಿದ ನಾಲ್ಕು ಸಾಲುಗಳು. ಪ್ರತಿಯೊಂದರಲ್ಲಿಯೂ ಕೊಕ್ಕೆಯಂಥ ಒಂದು ಗುರುತು, ಪಕ್ಕದಲ್ಲಿ ವರ್ಷ. ೭೨, ೭೯, ೮೮, ೯೬.

"ನಾಲ್ಕೂ ನನ್ನವೇ. ಬೇರೆ ಕೈ ಬಿದ್ದಿಲ್ಲ" ಎಂದು ತೃಪ್ತಿಯಿಂದ ಹೇಳಿದರು.

ಗಡಿಯಾರವನ್ನು ಬಿಚ್ಚಿದವನು ತನ್ನ ಗುರುತನ್ನೂ ಕಾಲವನ್ನೂ ಮುಚ್ಚಳದ ಒಳಗೆ ಗೀರಿಡುವುದು ಈ ಕಸುಬಿನ ಹಳೆಯ ರೂಢಿ. ಇಲ್ಲಿ ಮಾತ್ರವಲ್ಲ, ಗಡಿಯಾರ ಹುಟ್ಟಿದ ಯೂರೋಪಿನಲ್ಲಿಯೂ ಉಂಟು. ಯಾವಾಗ ಎಣ್ಣೆ ಬಿತ್ತು, ಯಾರು ಬಿಚ್ಚಿದರು ಎಂಬುದು ಮುಂದೆ ಬಿಚ್ಚುವವನಿಗೆ ತಿಳಿಯಲಿ ಎಂಬುದು ಉದ್ದೇಶ. ಗಡಿಯಾರದ ಒಡೆಯನಾದರೋ ಜನ್ಮದಲ್ಲಿ ಅದನ್ನು ನೋಡುವುದಿಲ್ಲ. ಚಿತ್ರಗಾರ ಚಿತ್ರದ ಮೂಲೆಯಲ್ಲಿ ಹೆಸರು ಬರೆಯುತ್ತಾನೆ. ಬಡಗಿಯ ಕೆಲಸವನ್ನು ನಾಲ್ಕು ಜನ ತಟ್ಟಿ ನೋಡುತ್ತಾರೆ. ಹಣ ಕೊಟ್ಟವನ ಕಣ್ಣಿಗೆ ಎಂದಿಗೂ ಬೀಳದ ಕಡೆಯಲ್ಲಿ ಸಹಿ ಹಾಕುವ ಕಸುಬು ಇದೊಂದೇ ಇರಬೇಕು.

ರೋಗವೇನೆಂದು ಕೇಳಿದೆ. ಮುರಿದದ್ದು ಏನೂ ಇಲ್ಲವಂತೆ. ಇಪ್ಪತ್ತು ವರ್ಷ ನಡೆಯದೆ ಕುಳಿತು ಎಣ್ಣೆ ಅಂಟಾಗಿದೆ. ಎಲ್ಲವನ್ನೂ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಹೊಸ ಎಣ್ಣೆ ಮುಟ್ಟಿಸಿ, ನಾಲ್ಕು ದಿನ ನಡೆಸಿ ನೋಡಬೇಕು. "ಇವತ್ತು ಬಿಚ್ಚುತ್ತೇನೆ, ಪುರಸೊತ್ತಿದ್ದರೆ ಕೂತುಕೊಳ್ಳಿ" ಎಂದು ಸ್ಟೂಲನ್ನು ತೋರಿಸಿದರು. ನಿವೃತ್ತನಿಗೆ ಪುರಸೊತ್ತಿಗೇನು ಬರ? ಕುಳಿತೆ.

ಕುಳಿತದ್ದರಿಂದ ತಿಳಿದದ್ದು ಇಷ್ಟು. ಕೀ ಕೊಟ್ಟಾಗ ಡಬ್ಬಿಯೊಳಗಿನ ಉಕ್ಕಿನ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲವೇ ಗಾಲಿಯಿಂದ ಗಾಲಿಗೆ ಹರಿದು ಮುಳ್ಳುಗಳನ್ನು ನಡೆಸುತ್ತದೆ. ಒಮ್ಮೆಗೇ ಬಿಚ್ಚಿಕೊಳ್ಳದಂತೆ ಅದನ್ನು ತಡೆತಡೆದು ಬಿಡುವುದು ಬ್ಯಾಲೆನ್ಸ್ ಎಂಬ ಚಕ್ರ. ಅದರ ಬೆನ್ನಿಗೆ ಕೂದಲಿನಂಥ ಒಂದು ಸುರುಳಿ. ಈ ಬಗೆಯ ಹಳೆಯ ಗಡಿಯಾರಗಳಲ್ಲಿ ಆ ಚಕ್ರ ಗಂಟೆಗೆ ೧೮,೦೦೦ ಸಲ, ಎಂದರೆ ಸೆಕೆಂಡಿಗೆ ಐದು ಸಲ, ಅತ್ತಿತ್ತ ಹೊಯ್ದಾಡುತ್ತದೆ. ದಿನಕ್ಕೆ ೪,೩೨,೦೦೦. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ ಎಂದು ನಾವು ಮೂಗು ಮುರಿಯುತ್ತೇವಲ್ಲ, ಇಷ್ಟರಲ್ಲಿ ನೂರೈವತ್ತು ಹೊಯ್ದಾಟ ಲೆಕ್ಕ ತಪ್ಪಿತು ಎಂದಷ್ಟೆ ಅದರ ಅರ್ಥ. ಆ ಚಕ್ರದ ಅಚ್ಚಿನ ತುದಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಸಣ್ಣದು. ಗಡಿಯಾರ ನೆಲಕ್ಕೆ ಬಿದ್ದರೆ ಮೊದಲು ಮುರಿಯುವುದು ಅದೇ. ಎಣ್ಣೆ ಹಾಕುವುದು ಎಂದರೆ ನಮಗೆ ಹೊಲಿಗೆ ಯಂತ್ರಕ್ಕೆ ಹನಿಸುವುದು ನೆನಪಾಗುತ್ತದೆ. ಇಲ್ಲಿ ತಂತಿಯ ಮೊನೆಯಿಂದ ಮುಟ್ಟಿಸಿ ತೆಗೆಯುವುದು. ಹೆಚ್ಚಾದರೆ ಹರಿದು, ಹೋಗಬಾರದ ಕಡೆಗೆ ಹೋಗುತ್ತದೆ.

ಏಪ್ರಿಲ್ ತಿಂಗಳ ಸೆಕೆ. ಫ್ಯಾನ್ ಇರಲಿಲ್ಲ. ಕೆಟ್ಟಿದೆಯೆ ಎಂದು ಕೇಳಿದ್ದಕ್ಕೆ ನಕ್ಕರು. ಅರವತ್ತು ವರ್ಷಗಳಿಂದ ಫ್ಯಾನ್ ಇಲ್ಲವಂತೆ. ಧೂಳೆದ್ದರೆ ಒಂದು ಕೇಡು, ತಿರುಪು ಹಾರಿಹೋದರೆ ಇನ್ನೊಂದು. ಸಾಸಿವೆಯ ಕಾಲುಭಾಗವಿಲ್ಲದ ತಿರುಪು ಚಿಮಟದಿಂದ ಜಾರಿತೆಂದರೆ ಆ ದಿನದ ಗಳಿಕೆ ನೆಲ ಗುಡಿಸುವುದಕ್ಕೆ ವಜಾ. ಸೀನು ಬಂದರೆ ಎದ್ದು ಹೊರಗೆ ಹೋಗಬೇಕು. ಕುತ್ತಿಗೆ ಬಗ್ಗಿಸಿ ಕುಳಿತು ಕುಳಿತು ಅವರಿಗೆ ಆಕಾಶ ನೋಡುವುದು ಕಷ್ಟವಾಗಿದೆ. ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ, ಕನ್ನಡಿ ಈಗ ಎಡಗಣ್ಣಿಗೆ ವರ್ಗವಾಗಿದೆ.

ಹನ್ನೆರಡನೆಯ ವಯಸ್ಸಿನಲ್ಲಿ ಈ ಮೇಜಿನ ಕೆಳಗೆ ಸೇರಿದವರು. ಗುರುಗಳು ಮೊದಲ ವರ್ಷ ಕೊಟ್ಟದ್ದು ಒಂದೇ ಒಂದು ಅಲಾರಂ ಟೈಂಪೀಸು: ಬಿಚ್ಚು, ಜೋಡಿಸು, ಬಿಚ್ಚು, ಜೋಡಿಸು. ಆಮೇಲೆ ಗೋಡೆಗಡಿಯಾರ, ಆಮೇಲೆ ಜೇಬುಗಡಿಯಾರ, ಆಮೇಲೆ ಕೈಗಡಿಯಾರ. ಹೆಂಗಸರ ಪುಟ್ಟ ಗಡಿಯಾರವನ್ನು ಮುಟ್ಟಲು ಅಪ್ಪಣೆಯಾದದ್ದು ಏಳನೆಯ ವರ್ಷ. ಗೋಡೆಗಡಿಯಾರಗಳಿಗಾಗಿ ಸೈಕಲ್ಲಿನಲ್ಲಿ ಮನೆಮನೆಗೂ ಹೋಗಬೇಕಾಗಿತ್ತು. ಅಮೆರಿಕದ ಸೆತ್ ಥಾಮಸ್, ಜರ್ಮನಿಯ ಯುಂಗ್‌ಹಾನ್ಸ್. ವಕೀಲರ ಮನೆಯೊಂದರಲ್ಲಿ ಎರಡೂ ಇದ್ದು ಒಂದಕ್ಕೊಂದು ಒಪ್ಪುತ್ತಿರಲಿಲ್ಲವಂತೆ. ಅಂಗಡಿಯಲ್ಲಿ ಚೆನ್ನಾಗಿ ನಡೆಯುವ ಗಡಿಯಾರ ಮನೆಯ ಗೋಡೆಯಲ್ಲಿ ಅರ್ಧ ಗಂಟೆಗೆ ನಿಂತುಬಿಡುತ್ತದೆ ಎಂಬುದು ಗೃಹಿಣಿಯರ ನಿತ್ಯದ ದೂರು. ಗಡಿಯಾರದ್ದಲ್ಲ, ಮೊಳೆಯದು ತಪ್ಪು. ಪೆಟ್ಟಿಗೆ ಕೊಂಚ ವಾಲಿದರೂ ಟಿಕ್ಕಿಗೂ ಟಾಕಿಗೂ ನಡುವಣ ಅಂತರ ಕುಂಟುತ್ತದೆ. ಇವರು ಕಣ್ಣುಮುಚ್ಚಿ ಕಿವಿಗೊಟ್ಟು ಪೆಟ್ಟಿಗೆಯನ್ನು ಬೆರಳಿನಿಂದ ಅತ್ತಿತ್ತ ಸರಿಸಿ, ಎರಡೂ ಸಮವಾದ ಕ್ಷಣದಲ್ಲಿ ಕೈಬಿಡುತ್ತಿದ್ದರು. ಬೇಸಗೆಯಲ್ಲಿ ಗಡಿಯಾರ ಹಿಂದೆ ಬೀಳುವುದೂ ಸುಳ್ಳು ದೂರಲ್ಲ. ಲೋಲಕದ ಉಕ್ಕಿನ ಕಡ್ಡಿ ಸೆಕೆಗೆ ಉದ್ದವಾಗುತ್ತದೆ. ಒಂದು ಡಿಗ್ರಿ ಏರಿದರೆ ದಿನಕ್ಕೆ ಸುಮಾರು ಅರ್ಧ ಸೆಕೆಂಡು ನಷ್ಟ. ಕೆಳಗಿನ ತಿರುಪನ್ನು ಒಂದಿಷ್ಟು ಏರಿಸಿದರಾಯಿತು. ಇದನ್ನು ಗೃಹಿಣಿಗೆ ಹೇಳಿಕೊಟ್ಟುಬಿಟ್ಟರೆ ಮುಂದಿನ ಬೇಸಗೆಗೆ ತಮಗೆ ಕರೆ ಬರುವುದಿಲ್ಲವೆಂದು ಗೊತ್ತಿದ್ದೂ ಹೇಳಿಕೊಡುತ್ತಿದ್ದರಂತೆ.

ಯಂತ್ರದಲ್ಲಿ ಕೆಂಪು ಚುಕ್ಕಿಗಳಂತೆ ಮಿನುಗುತ್ತಿದ್ದುವನ್ನು ನಾನು ಬಗ್ಗಿ ನೋಡಿದೆ. ಅವರು ಚಿಮಟವನ್ನು ಕೆಳಗಿಟ್ಟರು.

"ನಿಮ್ಮ ತಂದೆಯವರೂ ಹೀಗೆಯೇ ಎಣಿಸುತ್ತಿದ್ದರು" ಎಂದರು. ನನ್ನ ಗುರುತು ಸಿಕ್ಕಿತ್ತು ಎಂದಾಯಿತು.

ಹಳೆಯ ಕಾಲದ ಗೃಹಸ್ಥರಿಗೆ ಇದ್ದ ಒಂದು ಭಯವನ್ನು ಹಿರಿಯ ಓದುಗರು ಬಲ್ಲರು. ಗಡಿಯಾರದ ಮುಖದ ಮೇಲೆ "೧೭ ಜ್ಯೂಯೆಲ್ಸ್" ಎಂದು ಬರೆದಿರುತ್ತಿತ್ತು. ಎಂದರೆ ಒಳಗೆ ಹದಿನೇಳು ಮಾಣಿಕ್ಯ. ರಿಪೇರಿಯವನು ಅವುಗಳಲ್ಲಿ ಒಂದೆರಡನ್ನು ಕಿತ್ತುಕೊಂಡು ಗಾಜಿನ ಚೂರು ಕೂಡಿಸಿಬಿಡುತ್ತಾನೆ ಎಂಬುದು ಪೇಟೆಯ ಸರ್ವಸಮ್ಮತ ನಂಬಿಕೆ. ನನ್ನ ತಂದೆಯವರು ೧೯೭೨ರಲ್ಲಿ ಗಡಿಯಾರವನ್ನು ಮೊದಲ ಸಲ ಕೊಟ್ಟಾಗ, ಮಧ್ಯಾಹ್ನದಿಂದ ಸಂಜೆಯವರೆಗೆ ಮೇಜಿನ ಎದುರಿಗೆ ನಿಂತು, ಪರೀಕ್ಷೆಯ ಕೊಠಡಿಯಲ್ಲಿ ಹುಡುಗರನ್ನು ಕಾಯುವ ಹಾಗೆ ಕಾದರಂತೆ. ಮಾಣಿಕ್ಯವೇನೋ ನಿಜವಾದ ಮಾಣಿಕ್ಯವೇ, ಆದರೆ ಗಣಿಯದಲ್ಲ. ಅಲ್ಯೂಮಿನದ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ಕ್ರಮವನ್ನು ವರ್ನ್ಯೂಯಿ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ೧೯೦೨ರಲ್ಲಿಯೇ ಪ್ರಕಟಿಸಿದ್ದ. ಆಮೇಲೆ ಗಡಿಯಾರಗಳಿಗೆ ಬಂದದ್ದು ಕಾರ್ಖಾನೆಯಲ್ಲಿ ಬೆಳೆದ ಕಲ್ಲು. ಅದರ ಗುಣ ಹೊಳಪಿನಲ್ಲಿಲ್ಲ, ಗಡಸಿನಲ್ಲಿ. ಅಚ್ಚಿನ ತುದಿ ವರ್ಷಗಟ್ಟಲೆ ತಿರುಗಿದರೂ ಕಲ್ಲು ಸವೆಯುವುದಿಲ್ಲ.

"ಹದಿನೇಳನ್ನೂ ಕದ್ದು ಮಾರಿದರೆ ಇಬ್ಬರ ದೋಸೆ ಕಾಫಿಗೆ ಸಾಲದು, ಸ್ವಾಮಿ."

"ಹಾಗೆಂದು ಅವರಿಗೆ ಹೇಳಲಿಲ್ಲವೆ?"

"ಹೇಳಿದರೆ ಕದಿಯುವುದಕ್ಕಾಗಿಯೇ ಬೆಲೆ ಇಳಿಸುತ್ತಿದ್ದಾನೆ ಎನ್ನುತ್ತಿದ್ದರು. ನಿಂತು ಕಾಲು ನೋಯಬಾರದೆಂದು ಸ್ಟೂಲು ತರಿಸಿದೆ."

ನಾನು ಕುಳಿತಿದ್ದದ್ದು ಆ ಸ್ಟೂಲಿನ ಮೇಲೆ.

ಅವರ ಕಸುಬಿನ ಏಳುಬೀಳುಗಳನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. ಮೊದಲು ಬರುತ್ತಿದ್ದುವೆಲ್ಲ ಸ್ವಿಸ್ ಗಡಿಯಾರಗಳು. ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್. ಬಿಡಿಭಾಗಕ್ಕೆ ಬೊಂಬಾಯಿಗೆ ಬರೆದು ಕಾಯಬೇಕು. ೧೯೬೧ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆದ ಮೇಲೆ ಇವರ ಹಗಲು ಸಾಲದಾಯಿತು. ಪಾಸಾದ ಹುಡುಗನಿಗೆ, ಅಳಿಯನಿಗೆ, ನಿವೃತ್ತನಾಗುವ ಗುಮಾಸ್ತನಿಗೆ, ಎಲ್ಲರಿಗೂ ಎಚ್.ಎಂ.ಟಿ. ಹೆಸರು ಬೇರೆಯಾದರೂ ಎಷ್ಟೋ ಮಾದರಿಗಳ ಒಡಲಲ್ಲಿ ಒಂದೇ ಯಂತ್ರವಿದ್ದುದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂಡುತ್ತಿತ್ತು. ಅಷ್ಟರಲ್ಲಿ ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಸ್ ಕೈಗಡಿಯಾರವನ್ನು ಹೊರತಂದಿತ್ತು. ಅದರೊಳಗೆ ಚಕ್ರ ಹೊಯ್ದಾಡುವುದಿಲ್ಲ, ಹರಳು ಕಂಪಿಸುತ್ತದೆ. ಈಗಿನವುಗಳಲ್ಲಿ ಅದು ಸೆಕೆಂಡಿಗೆ ೩೨,೭೬೮ ಸಲ. ಐದಕ್ಕೂ ಇದಕ್ಕೂ ಎಲ್ಲಿಯ ಪಂದ್ಯ? ೧೯೮೭ರಲ್ಲಿ ಹೊಸೂರಿನ ಟೈಟನ್ ಪೇಟೆಗೆ ಬಂದಾಗ ಓಣಿಯಲ್ಲಿದ್ದ ಐದು ರಿಪೇರಿಯವರಲ್ಲಿ ಇಬ್ಬರು ಕಸುಬು ಬಿಟ್ಟರು. ೨೦೧೬ರಲ್ಲಿ ಕೇಂದ್ರ ಸರಕಾರ ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಈಗ ಇವರು ಹಳೆಯ ಸಾಮಾನಿನವರಿಂದ ಸತ್ತ ಗಡಿಯಾರಗಳನ್ನು ಕೊಂಡು, ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸುತ್ತಾರೆ. ದಿನದ ಅನ್ನ ಹುಟ್ಟುವುದು ಬ್ಯಾಟರಿ ಬದಲಾಯಿಸುವುದರಿಂದ ಮತ್ತು ಪಟ್ಟಿಗೆ ತೂತು ಹೊಡೆಯುವುದರಿಂದ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಅದನ್ನು ಅವರು ದುಃಖದಿಂದ ಹೇಳಲಿಲ್ಲ. ಅವನ ಕುತ್ತಿಗೆಯೂ ನೋಯುತ್ತದೆಯಂತೆ ಎಂದಷ್ಟೆ ಹೇಳಿದರು.

ಮೇಜಿನ ಕೆಳಗಿನ ಸೆಳೆಖಾನೆಯನ್ನು ಎಳೆದು ತೋರಿಸಿದರು. ಒಂದೊಂದಕ್ಕೂ ದಾರ ಕಟ್ಟಿ ಚೀಟಿ ಅಂಟಿಸಿದ ನಲವತ್ತು ಐವತ್ತು ಗಡಿಯಾರಗಳು. ರಿಪೇರಿಗೆ ಕೊಟ್ಟು, ಒಯ್ಯಲು ಬಾರದವರವು. ಹಳೆಯ ಚೀಟಿ ೧೯೭೭ರದು. ಮಾರಿಬಿಡಬಹುದಲ್ಲ ಎಂದೆ. "ಬಂದರೆ?" ಎಂದರು. ಯುಗಾದಿಗೊಮ್ಮೆ ಎಲ್ಲಕ್ಕೂ ಕೀ ಕೊಡುತ್ತಾರಂತೆ.

ಇಂಥವರನ್ನು ನಾನು ಬೈದದ್ದು ೨೦೦೫ರಲ್ಲಿ. ತಾಯಿಯವರು ತೀರಿಕೊಂಡ ಮೇಲೆ ತಂದೆಯವರು ಬಹಳ ಮೌನವಾಗಿದ್ದರು. ಎಪ್ಪತ್ತೆಂಟು ದಾಟಿತ್ತು. ಆದರೂ ವಾರಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ, "ಗಡಿಯಾರ ನಿಂತಿದೆ, ತೋರಿಸಿಕೊಂಡು ಬರುತ್ತೇನೆ" ಎಂದು ಕೊಡೆ ಹಿಡಿದು ಹೊರಡುತ್ತಿದ್ದರು. ಹೋದವರು ಎರಡು ಗಂಟೆ ಕಳೆದು ಬರುತ್ತಿದ್ದರು. ಒಂದೂವರೆ ವರ್ಷ ಹೀಗೆ ನಡೆಯಿತು. ನಾನಾಗ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವನು. ಮನೆಯಲ್ಲಿಯೂ ಅದೇ ಬುದ್ಧಿ. ಮುದುಕರನ್ನು ಮೋಸಗೊಳಿಸಿ, ಅರೆಬರೆ ರಿಪೇರಿ ಮಾಡಿ, ಪದೇ ಪದೇ ಹಣ ಕೀಳುತ್ತಿದ್ದಾನೆ ಎಂದು ತೀರ್ಮಾನಿಸಿ, ಒಂದು ಸಂಜೆ ನೆಟ್ಟಗೆ ಈ ಅಂಗಡಿಗೆ ಬಂದೆ. ಬೇರೆ ಇಬ್ಬರು ಗಿರಾಕಿಗಳು ನಿಂತಿದ್ದರು. ಅವರ ಎದುರಿಗೇ, "ವಯಸ್ಸಾದವರನ್ನು ಅಲೆದಾಡಿಸಿ ಸುಲಿಯುವುದು ನ್ಯಾಯವೇನ್ರಿ? ಒಂದು ಸಲ ಸರಿಯಾಗಿ ಮಾಡಿಕೊಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?" ಎಂದೆ. ಇನ್ನೂ ಏನೇನೋ ಅಂದೆ. ಇವರು ಕಣ್ಣಿನ ಕನ್ನಡಿಯನ್ನು ತೆಗೆದು ಪೂರ್ತಿ ಕೇಳಿ, "ಆಗಲಿ ಸ್ವಾಮಿ, ನೋಡುತ್ತೇನೆ" ಎಂದಿಷ್ಟೆ ನುಡಿದರು. ತಂದೆಯವರ ಓಡಾಟ ನಿಲ್ಲಲಿಲ್ಲ. ಮರುವರ್ಷ ಅವರು ಹಾಸಿಗೆ ಹಿಡಿಯುವವರೆಗೂ ನಡೆಯಿತು.

ಐದನೆಯ ದಿನ ಗಡಿಯಾರವನ್ನು ಒಯ್ಯಲು ಹೋದೆ. ಮುಖ ಮೇಲೆ ಮಾಡಿ, ಕೆಳಗೆ ಮಾಡಿ, ಗುಂಡಿ ಮೇಲೆ ಬರುವಂತೆ ನಿಲ್ಲಿಸಿ, ಎಲ್ಲ ಭಂಗಿಗಳಲ್ಲಿಯೂ ನಡೆಸಿ ನೋಡಿದ್ದರು. ಮುಚ್ಚಳ ಹಾಕುವ ಮುನ್ನ ಸೂಜಿ ತೆಗೆದುಕೊಂಡು ಐದನೆಯ ಸಾಲನ್ನು ಗೀರತೊಡಗಿದರು. ಐದು ದಿನಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಆಗ ಹೊರಗೆ ಬಂತು.

"ತೊಂಬತ್ತಾರರ ಮೇಲೆ ಗುರುತೇ ಇಲ್ಲವಲ್ಲ. ಕೊನೆಯ ಕಾಲದಲ್ಲಿ ತಂದೆಯವರು ಅಷ್ಟು ಸಲ ತಂದರು..."

"ಬಿಚ್ಚಿದ್ದರೆ ತಾನೆ ಗುರುತು?" ಗೀರುವುದನ್ನು ನಿಲ್ಲಿಸದೆ ಹೇಳಿದರು. "ವಾಚಿಗೆ ಏನೂ ಆಗಿರಲಿಲ್ಲ. ಕೀ ಕೊಡಲು ಮೇಷ್ಟರ ಬೆರಳಿಗೆ ಬಲ ಇರಲಿಲ್ಲ. ಕೊಟ್ಟೆನೋ ಇಲ್ಲವೋ ಎಂಬುದೂ ಮರೆತು ಹೋಗುತ್ತಿತ್ತು. ನಿಂತಿದೆ ನೋಡಿ ಎಂದು ಕೊಡುವರು. ನಾನು ಕನ್ನಡಿ ಹಾಕಿಕೊಂಡು ಎರಡು ನಿಮಿಷ ನೋಡುವೆ. ಆ ಕಡೆ ತಿರುಗಿ ಕೀ ಕೊಟ್ಟು ಹಿಂದಕ್ಕೆ ಕೊಡುವೆ."

"ಹಣ?"

"ಕೀ ಕೊಡುವುದಕ್ಕೆ ಹಣವೆ? ಬೇಡವೆಂದರೂ ಐದು ರೂಪಾಯಿ ಮೇಜಿನ ಮೇಲೆ ಇಡುವರು. ಅದರಲ್ಲಿ ಕಾಫಿ ತರಿಸುವೆ. ಇಬ್ಬರಿಗೂ."

ಅಂದು ನಾನು ಬಂದು ಕೂಗಾಡಿದಾಗ ಇಷ್ಟನ್ನು ಹೇಳಿಬಿಡಬಹುದಿತ್ತಲ್ಲ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಮುಚ್ಚಳವನ್ನು ಕೂಡಿಸಿ, ಬಟ್ಟೆಯಿಂದ ಒರೆಸಿ, ಗಡಿಯಾರವನ್ನು ಕಿವಿಯ ಬಳಿ ಹಿಡಿದು ಒಂದು ಗಳಿಗೆ ಕೇಳಿದರು.

"ಹೇಳಿದ್ದರೆ ಮರುದಿನದಿಂದ ಮನೆಯಲ್ಲಿ ನೀವೇ ಕೀ ಕೊಟ್ಟುಬಿಡುತ್ತಿದ್ದಿರಿ, ಸ್ವಾಮಿ. ಆಮೇಲೆ ಮೇಷ್ಟರು ಹೊರಗೆ ಬರುವುದಕ್ಕೆ ನೆಪ ಏನಿರುತ್ತಿತ್ತು?"

ಅಷ್ಟರಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಬ್ಯಾಟರಿ ಹಾಕಿಸಲು ಬಂದಳು. ನಾನು ಪಕ್ಕಕ್ಕೆ ಸರಿದೆ. ಕೂಲಿ ನಾನೂರೈವತ್ತು ಎಂದರು, ಐನೂರು ಕೊಟ್ಟೆ, ಚಿಲ್ಲರೆ ಇರಲಿ ಎಂದದ್ದನ್ನು ಕೇಳಿಸಿಕೊಳ್ಳದೆ ಐವತ್ತನ್ನು ಹಿಂದಕ್ಕೆ ಕೊಟ್ಟರು. ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಬೇಕು, ಬಿಗಿ ಸಿಕ್ಕಿದ ಕೂಡಲೆ ನಿಲ್ಲಿಸಬೇಕು, ಮೊಬೈಲಿನ ಅಯಸ್ಕಾಂತದ ಕವಚದ ಹತ್ತಿರ ಇಡಬಾರದು ಎಂದು ಆ ಹುಡುಗಿಯ ಗಡಿಯಾರವನ್ನು ಬಿಚ್ಚುತ್ತಲೇ ಹೇಳಿದರು.

ಮೊಮ್ಮಗಳು ಈಗ ಕೀ ಕೊಡುವುದನ್ನು ಕಲಿತಿದ್ದಾಳೆ. ಗಡಿಯಾರ ದಿನಕ್ಕೆ ಸುಮಾರು ಅರ್ಧ ನಿಮಿಷ ಹಿಂದೆ ಬೀಳುತ್ತಿದೆ. ಅಷ್ಟು ಆದರೆ ಚಿಂತೆಯಿಲ್ಲ, ತೋರಿಸುವ ಅಗತ್ಯವಿಲ್ಲ ಎಂದೇ ಅವರು ಹೇಳಿದ್ದರು. ಬರುವ ಶನಿವಾರ ಒಮ್ಮೆ ತೋರಿಸಿಕೊಂಡು ಬರೋಣವೆಂದಿದ್ದೇನೆ.